ಮಗಳಿಗೆ ಯೆಲ್ಲೋನೈಫ್‌ನಲ್ಲಿ ಕೆಲಸ ಸಿಕ್ಕಿದೆ. ಅಲ್ಲಿ ಬದುಕು ಹೇಗಿರುತ್ತದೆ?

ಮಂಡ್ಯದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದು ನಿವೃತ್ತಿಯಾದವನು. ಮಗಳು ನರ್ಸ್. ಟೊರೊಂಟೊ ಹತ್ತಿರ ಎರಡು ವರ್ಷ ಕೆಲಸ ಮಾಡಿ, ಈಗ ದಸರಾ ರಜೆಗೆ ಮನೆಗೆ ಬಂದಿದ್ದಾಳೆ. ವಾಪಸ್ ಹೋಗುವಾಗ ಬೇರೆ ಊರಿಗೆ ಹೋಗುತ್ತಾಳಂತೆ. ಕೆನಡಾದ ಉತ್ತರದಲ್ಲಿರುವ ಯೆಲ್ಲೋನೈಫ್. ನವೆಂಬರ್‌ನಲ್ಲಿ ಆಸ್ಪತ್ರೆಗೆ ಸೇರಬೇಕು.

ಭೂಪಟ ತೆಗೆದು ನೋಡಿದೆ. ಸುತ್ತ ಬರೀ ಕೆರೆಗಳು. ಊರಿಗೆ ಬರುವ ರಸ್ತೆ ಒಂದೇ. ಮೂವತ್ತು ವರ್ಷ ಮಕ್ಕಳಿಗೆ ಸಮಾಜ ಪಾಠ ಮಾಡಿದ್ದೇನೆ. 62 ಡಿಗ್ರಿ ಉತ್ತರ ಅಕ್ಷಾಂಶ ಎಲ್ಲಿ ಬರುತ್ತದೆ ಎಂದು ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸಿದ್ದೇನೆ. ನನ್ನ ಮಗಳು ಅಲ್ಲಿ ಮನೆ ಮಾಡುತ್ತಾಳೆ ಎಂದಮೇಲೆ ಆ ಗೆರೆ ನೋಡಿದರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಅವಳ ಅಮ್ಮ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಅಲ್ಲಿ ಇದ್ದು ಬಂದವರು ಯಾರಾದರೂ ಇದ್ದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಸಮಾಧಾನಕ್ಕೆ ಹೇಳುವ ಮಾತು ಬೇಡ.

ಸರಸ್ವತಿಪುರಂ

ಸರ್, ಒಬ್ಬಳೇ ಹೆಣ್ಣುಮಗಳು. ಮೈನಸ್ 40 ಡಿಗ್ರಿ ಅಂತಾರೆ. ಟೊರೊಂಟೊದಲ್ಲಾದರೆ ನಮ್ಮವರ ಮನೆಗಳು ಎಷ್ಟೋ ಇವೆ, ಹಬ್ಬಕ್ಕೆ ಹುಣ್ಣಿಮೆಗೆ ಜೊತೆ ಇರುತ್ತದೆ. ಅಲ್ಲಿ ಯಾರಿದ್ದಾರೆ? ನನಗೂ ಮಗಳಿದ್ದಾಳೆ, ಅದಕ್ಕೇ ಹೇಳುತ್ತಿದ್ದೇನೆ. ಬೇಡ ಅನ್ನಿ.

ಕುವೆಂಪುನಗರದಿಂದ

ಮೇಷ್ಟ್ರೇ, ನಾವು 2011ರ ಅಕ್ಟೋಬರ್‌ನಿಂದ 2024ರವರೆಗೆ ಯೆಲ್ಲೋನೈಫ್‌ನಲ್ಲಿದ್ದೆವು. ನಮ್ಮ ಯಜಮಾನರು ವಜ್ರದ ಗಣಿಯಲ್ಲಿ ಇಂಜಿನಿಯರ್ ಆಗಿದ್ದರು. ನನ್ನ ಮಗ ಹುಟ್ಟಿದ್ದೂ ಅದೇ ಊರಿನಲ್ಲಿ. ಈಗ ಮೈಸೂರಿಗೆ ಬಂದುಬಿಟ್ಟಿದ್ದೇವೆ. ನಿಮ್ಮ ಪ್ರಶ್ನೆ ನೋಡಿದ ಮೇಲೆ ಸುಮ್ನೆ ಇರಲು ಆಗಲಿಲ್ಲ.

ಚಳಿಯ ವಿಷಯ ಮೊದಲು ಹೇಳಿಬಿಡುತ್ತೇನೆ. ಎಲ್ಲರೂ ಕೇಳುವುದು ಅದನ್ನೇ. ಕಷ್ಟ ಇರುವುದು ಬೇರೆ ಕಡೆ, ಅದನ್ನು ಆಮೇಲೆ ಬರೆಯುತ್ತೇನೆ.

ಜನವರಿಯಲ್ಲಿ ರಾತ್ರಿ ಮೈನಸ್ 30 ಮಾಮೂಲು. ವರ್ಷದಲ್ಲಿ ಕೆಲವು ದಿನ ಮೈನಸ್ 40 ಮುಟ್ಟುತ್ತದೆ. ಆ ಊರಿನ ದಾಖಲೆ ಮೈನಸ್ 51.2. ಹೊರಗೆ ಕಾಲಿಟ್ಟ ತಕ್ಷಣ ಮೂಗಿನೊಳಗಿನ ಕೂದಲು ಚುರ್ ಎಂದು ಗಟ್ಟಿಯಾಗುತ್ತದೆ. ರೆಪ್ಪೆಯ ಮೇಲೆ ಬಿಳಿ ಕಟ್ಟುತ್ತದೆ. ಹಿಮ ತುಳಿದರೆ ಕಲ್ಲುಸಕ್ಕರೆ ಪುಡಿ ಮಾಡಿದ ಹಾಗೆ ಕರಕರ ಸದ್ದು. ಆದರೆ ಒಣ ಚಳಿ. ಸರಿಯಾದ ಬಟ್ಟೆ ಇದ್ದರೆ ನನ್ನ ಮಗ ಮೈನಸ್ 25ರಲ್ಲಿ ಸ್ಕೂಲಿನ ಅಂಗಳದಲ್ಲಿ ಆಡುತ್ತಿದ್ದ. ಟೊರೊಂಟೊದ ಜಾಕೆಟ್ ಅಲ್ಲಿ ಸಾಲುವುದಿಲ್ಲ. ಒಳಗೆ ಕಾಟನ್ ಹಾಕಲೇಬಾರದು, ಬೆವರು ಹೀರಿಕೊಂಡು ತಣ್ಣಗಾಗುತ್ತದೆ. ಉಣ್ಣೆಯದೇ ಬೇಕು. ಬೆರಳು ಬೇರೆ ಬೇರೆ ಇರುವ ಗ್ಲೌಸ್‌ಗಿಂತ ನಾಲ್ಕು ಬೆರಳೂ ಒಟ್ಟಿಗೆ ಇರುವ ಚೀಲದಂಥದ್ದು ಒಳ್ಳೆಯದು, ಒಂದರ ಬಿಸಿ ಇನ್ನೊಂದಕ್ಕೆ ಸಿಗುತ್ತದೆ. ಬೂಟಿನ ಒಳಪದರ ಬಿಚ್ಚಿ ಒಣಗಿಸಲು ಬರುವಂತಿರಬೇಕು.

ಇನ್ನು ಕಾರು. ಅಲ್ಲಿ ಪ್ರತಿ ಕಾರಿನ ಮೂತಿಯಿಂದ ಒಂದು ವೈರು ನೇತಾಡುತ್ತಿರುತ್ತದೆ, ತುದಿಯಲ್ಲಿ ಮೂರು ಕಡ್ಡಿಯ ಪ್ಲಗ್. ಮೊದಲ ದಿನ ನೋಡಿ ಯಾರೋ ರಿಪೇರಿ ಮಾಡಿ ಹಾಗೇ ಬಿಟ್ಟಿದ್ದಾರೆ ಅಂದುಕೊಂಡಿದ್ದೆ. ಅದು ಇಂಜಿನ್ ಬೆಚ್ಚಗಿಡುವ ಹೀಟರ್‌ನದು. ಮನೆ ಮುಂದೆ, ಆಫೀಸಿನ ಪಾರ್ಕಿಂಗ್‌ನಲ್ಲಿ, ಎಲ್ಲ ಕಡೆ ಕಂಬಕ್ಕೆ ಸಾಕೆಟ್ ಇರುತ್ತದೆ. ರಾತ್ರಿ ಪ್ಲಗ್ ಹಾಕದೆ ಮಲಗಿದರೆ ಬೆಳಗ್ಗೆ ಗಾಡಿ ಏಳುವುದಿಲ್ಲ. ಎದ್ದರೂ ಮೊದಲ ಐದು ನಿಮಿಷ ಎತ್ತಿನ ಗಾಡಿಯ ಥರ ದಡದಡ ಅನ್ನುತ್ತದೆ. ನೆಲಕ್ಕೆ ಒತ್ತಿದ್ದ ಕಡೆ ಟೈರು ಚಪ್ಪಟೆಯಾಗಿ ಹಾಗೇ ಗಟ್ಟಿಯಾಗಿರುತ್ತದೆ, ಅದಕ್ಕೆ.

ಮನೆ ಒಳಗೆ ಚೆನ್ನಾಗಿ ಬೆಚ್ಚಗಿರುತ್ತದೆ, ಆದರೆ ಗಾಳಿ ತುಂಬಾ ಒಣ. ತುಟಿ ಒಡೆಯುತ್ತದೆ, ಮೂಗಿನಲ್ಲಿ ರಕ್ತ ಬರುತ್ತದೆ, ಬಾಗಿಲ ಹಿಡಿ ಮುಟ್ಟಿದರೆ ಚಟ್ ಎಂದು ಶಾಕ್ ಹೊಡೆಯುತ್ತದೆ. ಕೊಬ್ಬರಿ ಎಣ್ಣೆ ಜಾಸ್ತಿ ಕೊಟ್ಟು ಕಳಿಸಿ.

ಟ್ರೊಮ್ಸೊ ವಿದ್ಯಾರ್ಥಿ

ಮೇಡಂ ಬರೆದಿದ್ದು ಓದಿ ಒಂದು ಮಾತು ಸೇರಿಸುತ್ತೇನೆ. ನಾನು ಜಯಲಕ್ಷ್ಮೀಪುರಂನವನು. ನಾರ್ವೆಯ ಟ್ರೊಮ್ಸೊದಲ್ಲಿ ಎರಡು ವರ್ಷ ಓದಿದೆ. ಅದು 69 ಡಿಗ್ರಿಯಲ್ಲಿದೆ, ಯೆಲ್ಲೋನೈಫ್‌ಗಿಂತ ಬಹಳ ಮೇಲೆ. ಆದರೂ ಅಲ್ಲಿ ಜನವರಿ ಸರಾಸರಿ ಮೈನಸ್ 4ರ ಸುಮಾರು ಅಷ್ಟೇ. ಸಮುದ್ರದ ಬಿಸಿ ಪ್ರವಾಹ ಬರುವುದರಿಂದ ಬಂದರು ಹೆಪ್ಪುಗಟ್ಟುವುದೇ ಇಲ್ಲ. ಉತ್ತರದ ಊರುಗಳೆಲ್ಲ ಒಂದೇ ಥರ ಅಲ್ಲ ಸರ್.

ನನಗೆ ಕಷ್ಟವಾಗಿದ್ದು ಕತ್ತಲು. ನವೆಂಬರ್ ಕೊನೆಗೆ ಸೂರ್ಯ ಹೋದರೆ ಜನವರಿ ಮಧ್ಯದವರೆಗೆ ಏಳುವುದಿಲ್ಲ. ಮಧ್ಯಾಹ್ನ ಎರಡು ಮೂರು ಗಂಟೆ ಹೊತ್ತು ಆಕಾಶ ನೀಲಿ ಶಾಯಿ ಬಣ್ಣಕ್ಕೆ ತಿರುಗುತ್ತದೆ, ಅಷ್ಟೇ ಹಗಲು. ಮೊದಲ ವರ್ಷ ನಾನು ಕ್ಲಾಸಿಗೆ ಹೋಗುವುದನ್ನೇ ಬಿಟ್ಟಿದ್ದೆ. ಮಲಗಿದರೆ ಏಳಲು ಮನಸ್ಸಾಗುತ್ತಿರಲಿಲ್ಲ, ರಾತ್ರಿ ನಿದ್ದೆ ಬರುತ್ತಿರಲಿಲ್ಲ. ನನ್ನ ಪಕ್ಕದ ರೂಮಿನ ಹುಡುಗ ದಿನಾ ಬೆಳಗ್ಗೆ ಬಾಗಿಲು ತಟ್ಟಿ ಹೊರಗೆ ಕರೆದುಕೊಂಡು ಹೋಗಿ ನಡೆಸುತ್ತಿದ್ದ. ಶೂಗೆ ಕಬ್ಬಿಣದ ಮುಳ್ಳಿನ ಪಟ್ಟಿ ಕಟ್ಟಿಕೊಂಡು ಮಂಜುಗಡ್ಡೆಯ ಮೇಲೆ ಅರ್ಧ ಗಂಟೆ. ಅವನಿಂದಲೇ ಸುಧಾರಿಸಿಕೊಂಡೆ. ಜನವರಿ 21ಕ್ಕೆ ಅಲ್ಲಿ ಸೂರ್ಯನ ದಿನ ಮಾಡುತ್ತಾರೆ. ಸ್ಕೂಲಿನ ಮಕ್ಕಳೆಲ್ಲ ಸಿಹಿ ಬನ್ ತಿನ್ನುತ್ತಾರೆ. ಗುಡ್ಡದ ಸಂದಿಯಲ್ಲಿ ಬೆಳಕು ಕಂಡಾಗ ನಾನು ಅತ್ತುಬಿಟ್ಟೆ.

ನಿಮ್ಮ ಮಗಳಿಗೆ ಇದೊಂದನ್ನು ಹೇಳಿ ಸರ್. ನಿದ್ದೆ ಕೆಟ್ಟರೆ ಅದನ್ನು ಮುಚ್ಚಿಡುವುದು ಬೇಡ, ಕೂಡಲೇ ಯಾರಿಗಾದರೂ ಹೇಳಲಿ.

ಕುವೆಂಪುನಗರದಿಂದ

ತಮ್ಮಾ, ಸರಿಯಾಗಿ ಹೇಳಿದ್ದೀಯ. ಯೆಲ್ಲೋನೈಫ್‌ನಲ್ಲಿ ಅಷ್ಟು ಕತ್ತಲಿಲ್ಲ. ಡಿಸೆಂಬರ್ ಕೊನೆಗೂ ಬೆಳಗ್ಗೆ ಹತ್ತರ ಮೇಲೆ ಸೂರ್ಯ ಬಂದು ಮಧ್ಯಾಹ್ನ ಮೂರಕ್ಕೆ ಇಳಿಯುತ್ತಾನೆ. ಆದರೆ ನರ್ಸ್ ಕೆಲಸ, ಹನ್ನೆರಡು ಗಂಟೆ ಶಿಫ್ಟ್. ಕತ್ತಲಲ್ಲೇ ಹೋಗಿ ಕತ್ತಲಲ್ಲೇ ಬರುವ ದಿನಗಳು ಬರುತ್ತವೆ. ರಜೆ ಇದ್ದ ದಿನ ಮಧ್ಯಾಹ್ನ ಮಲಗದೆ ಹೊರಗೆ ಹೋಗಲೇಬೇಕು. ಜೂನ್‌ನಲ್ಲಿ ಇದರ ತಿರುಗುಮುರುಗು, ರಾತ್ರಿ ಹನ್ನೊಂದೂವರೆಗೂ ಬಿಸಿಲು. ನಾವು ಮಗುವಿನ ರೂಮಿನ ಕಿಟಕಿಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಅಂಟಿಸುತ್ತಿದ್ದೆವು.

ಕೆಜಿಎಫ್‌ನವನು, ಈಗ ಮೈಸೂರು

ಅಕ್ಕ, ಯೆಲ್ಲೋನೈಫ್ ಚಿನ್ನದ ಗಣಿಯ ಊರಲ್ವಾ? ನಾನು ಚಾಂಪಿಯನ್ ರೀಫ್‌ನಲ್ಲಿ ಬೆಳೆದವನು. 2001ರಲ್ಲಿ ನಮ್ಮ ಗಣಿ ಮುಚ್ಚಿದಾಗ ಅಪ್ಪನಿಗೆ ಐವತ್ತು ವರ್ಷ. ಗಾಳಿ ಬೀಸಿದರೆ ಈಗಲೂ ಸಯನೈಡ್ ದಿಬ್ಬದ ಬಿಳಿ ಧೂಳು ಮನೆ ಒಳಗೆ ಬರುತ್ತದೆ. ಆ ಊರಿನಲ್ಲಿ ಏನು ಉಳಿದಿದೆ?

ಕುವೆಂಪುನಗರದಿಂದ

ಹೌದು, ಅದೇ ಕಥೆ. ಕಾನ್ ಗಣಿ 1938ರಲ್ಲಿ ಶುರುವಾಯಿತು, ಜೈಂಟ್ ಗಣಿ 1948ರಲ್ಲಿ. ಎರಡೂ 2003, 2004ರಲ್ಲಿ ನಿಂತವು. ಅಲ್ಲಿನ ಅದಿರಿನಲ್ಲಿ ಚಿನ್ನದ ಜೊತೆ ಆರ್ಸೆನಿಕ್ ಇತ್ತು. ಅದಿರು ಹುರಿದಾಗ ವಿಷದ ಧೂಳು ಬರುತ್ತಿತ್ತು. ಮೊದಮೊದಲು ಅದನ್ನು ಚಿಮಣಿಯಿಂದ ಹೊರಗೇ ಬಿಟ್ಟರು. ಹಿಮದ ಮೇಲೆ ಬಿತ್ತು. ಆ ಹಿಮ ಕರಗಿಸಿ ಕುಡಿಯುತ್ತಿದ್ದವರು ಡೆನೆ ಜನ, ಆ ನೆಲದವರು. 1951ರಲ್ಲಿ ಅವರ ಒಂದು ಸಣ್ಣ ಮಗು ಸತ್ತಿತು. ಆಮೇಲೆ ಹಿಡಿದಿಟ್ಟ ಧೂಳು 2,37,000 ಟನ್ ಈಗಲೂ ಗಣಿಯ ಒಳಗೆ ಕೋಣೆಗಳಲ್ಲಿದೆ. ನೀರಿಗೆ ಸೇರದಂತೆ ಸುತ್ತಲಿನ ಬಂಡೆಯನ್ನೇ ಹೆಪ್ಪುಗಟ್ಟಿಸಿ ಇಡುವ ಕೆಲಸ ನಡೆದಿದೆ. ಅದು ಎಂದೆಂದಿಗೂ ಕಾಯಬೇಕಾದದ್ದು. ನಿಮ್ಮ ಊರಿನ ದಿಬ್ಬ ನೆನಪಾದರೆ ನನಗೆ ಅದೇ ನೆನಪಾಗುತ್ತದೆ ತಮ್ಮಾ.

ಮೇಷ್ಟ್ರೇ, ಹೆದರಬೇಡಿ. ನಲ್ಲಿಯ ನೀರು ಪರೀಕ್ಷೆ ಮಾಡಿ ಬಿಡುತ್ತಾರೆ, ನಾವು ಹದಿಮೂರು ವರ್ಷ ಅದನ್ನೇ ಕುಡಿದೆವು. ಗಣಿಯ ಹತ್ತಿರದ ಸಣ್ಣ ಕೆರೆಗಳಲ್ಲಿ ಈಜುವುದು, ಆ ನೀರು ಕುಡಿಯುವುದು ಬೇಡ ಎಂದು ಸರ್ಕಾರವೇ ಹೇಳಿದೆ. ಅದನ್ನು ಮರೆಯದಿದ್ದರೆ ಸಾಕು.

ಮಂಡ್ಯದ ಮೇಷ್ಟ್ರು

ಮೇಡಂ, ತುಂಬಾ ಉಪಕಾರವಾಯಿತು. ಕಷ್ಟ ಇರುವುದು ಬೇರೆ ಕಡೆ ಅಂದಿರಿ. ಅದೇನು?

ಕುವೆಂಪುನಗರದಿಂದ

ದೂರ, ಮೇಷ್ಟ್ರೇ. ಚಳಿಗೆ ಬಟ್ಟೆ ಇದೆ. ದೂರಕ್ಕೆ ಏನೂ ಇಲ್ಲ.

ದೊಡ್ಡ ಊರು ಅಂದರೆ ಎಡ್ಮಂಟನ್. ರಸ್ತೆಯಲ್ಲಿ ಸುಮಾರು 1450 ಕಿ.ಮೀ. ಮೈಸೂರಿಂದ ನಾಗಪುರ ದಾಟಿ ಹೋದಷ್ಟು. ನಡುವೆ ನೂರಾರು ಕಿ.ಮೀ. ಪೆಟ್ರೋಲ್ ಬಂಕ್ ಇಲ್ಲ, ಫೋನಿಗೆ ಸಿಗ್ನಲ್ ಇಲ್ಲ. ರಸ್ತೆ ಮೇಲೆ ಕಾಡೆಮ್ಮೆಗಳು ನಿಂತಿರುತ್ತವೆ. ಯೆಲ್ಲೋನೈಫ್ ಇರುವ ಇಡೀ ಪ್ರಾಂತ್ಯ, ನಾರ್ತ್‌ವೆಸ್ಟ್ ಟೆರಿಟರೀಸ್ ಅಂತ ಹೆಸರು, ಕರ್ನಾಟಕದ ಆರೇಳು ಪಟ್ಟು ದೊಡ್ಡದು. ಜನ 45 ಸಾವಿರದ ಆಸುಪಾಸು, ಅದರಲ್ಲಿ ಅರ್ಧದಷ್ಟು ಯೆಲ್ಲೋನೈಫ್‌ನಲ್ಲೇ. ಮಂಡ್ಯ ಪೇಟೆಯ ಜನಕ್ಕಿಂತ ಎಷ್ಟು ಕಮ್ಮಿ ನೋಡಿ.

ನಾವು ಹೋದಾಗ ದಾರಿಯಲ್ಲಿ ಮೆಕೆಂಝಿ ನದಿಗೆ ಸೇತುವೆಯೇ ಇರಲಿಲ್ಲ. ಬೇಸಿಗೆಯಲ್ಲಿ ಗಾಡಿಗಳನ್ನು ದೋಣಿಯಲ್ಲಿ ದಾಟಿಸುತ್ತಿದ್ದರು. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿಯ ಮೇಲೇ ಲಾರಿಗಳು ಓಡುತ್ತಿದ್ದವು. ಈ ಎರಡರ ನಡುವೆ ಮಂಜುಗಡ್ಡೆ ಲಾರಿಯ ಭಾರ ತಡೆಯುವುದಿಲ್ಲ, ದೋಣಿಗೂ ದಾರಿ ಬಿಡುವುದಿಲ್ಲ. ಆಗ ಕೆಲವು ವಾರ ಊರಿಗೆ ಏನು ಬಂದರೂ ವಿಮಾನದಲ್ಲೇ ಬರಬೇಕು. ಕೆಆರ್‌ಎಸ್‌ನಿಂದ ಜಾಸ್ತಿ ನೀರು ಬಿಟ್ಟಾಗ ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ ದಾಟಲು ಬಿಡುವುದಿಲ್ಲವಲ್ಲ, ಹಾಗೆ. ನಮಗೆ ಇಲ್ಲಿ ಪಕ್ಕದಲ್ಲೇ ಇನ್ನೊಂದು ಸೇತುವೆ ಇದೆ, ಅವರಿಗೆ ಇರಲಿಲ್ಲ. 2012ರ ಏಪ್ರಿಲ್–ಮೇನಲ್ಲಿ ಅಂಗಡಿಯ ಸೊಪ್ಪು ತರಕಾರಿ ಕಪಾಟು ದಿನೇ ದಿನೇ ಖಾಲಿಯಾಗುವುದನ್ನು ನೋಡಿದೆ. ಇದ್ದದ್ದಕ್ಕೂ ಬೆಲೆ ಕೈಗೆ ಸಿಗುತ್ತಿರಲಿಲ್ಲ. ಅದೇ ವರ್ಷ ನವೆಂಬರ್ 30ಕ್ಕೆ ಡೆ ಚೋ ಸೇತುವೆ ತೆರೆದರು, ಉದ್ದ ಒಂದು ಕಿ.ಮೀ. ಮೇಲೆ. ಡೆ ಚೋ ಅಂದರೆ ಅವರ ಭಾಷೆಯಲ್ಲಿ ದೊಡ್ಡ ನದಿ. ಅವತ್ತು ಊರಿನ ಜನಕ್ಕೆ ಆದ ಖುಷಿ ಹೇಳತೀರದು.

ಸೇತುವೆ ಬಂದರೂ ರಸ್ತೆ ಒಂದೇ. 2023ರ ಆಗಸ್ಟ್ 16ರ ಸಂಜೆ, ಕಾಡಿನ ಬೆಂಕಿ ಹತ್ತಿರ ಬಂದಿದೆ, ಎಲ್ಲರೂ ಊರು ಬಿಡಿ ಎಂದು ಆದೇಶ ಬಂತು. ಸುಮಾರು ಇಪ್ಪತ್ತು ಸಾವಿರ ಜನ. ಕಾರಿದ್ದವರು ಆ ಒಂದೇ ರಸ್ತೆಯಲ್ಲಿ, ಇಲ್ಲದವರು ವಿಮಾನದಲ್ಲಿ. ಆಸ್ಪತ್ರೆಯ ರೋಗಿಗಳನ್ನೂ ವಿಮಾನದಲ್ಲೇ ಸಾಗಿಸಿದರು. ನಾವು ಮಗನ ಸ್ಕೂಲ್ ಬ್ಯಾಗು, ಪಾಸ್‌ಪೋರ್ಟು, ದೇವರ ಮನೆಯ ಚಾಮುಂಡಿ ಫೋಟೋ ಇಷ್ಟೇ ತೆಗೆದುಕೊಂಡು ಹೊರಟೆವು. ಹೊಗೆಯಲ್ಲಿ ಮುಂದಿನ ಕಾರಿನ ಕೆಂಪು ದೀಪ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ದಾರಿಯಲ್ಲಿ ಎಂಟರ್‌ಪ್ರೈಸ್ ಎಂಬ ಸಣ್ಣ ಊರು ಮೂರು ದಿನ ಮೊದಲೇ ಸುಟ್ಟುಹೋಗಿತ್ತು. ಮನೆಗಳಿದ್ದ ಜಾಗದಲ್ಲಿ ಬೂದಿ. ಗುರುತು ಪರಿಚಯ ಇಲ್ಲದ ಜನ ರಸ್ತೆ ಬದಿಯಲ್ಲಿ ನಿಂತು ನಮಗೆ ನೀರು, ಬ್ರೆಡ್ಡು ಕೊಟ್ಟರು. ಸೆಪ್ಟೆಂಬರ್ 6ಕ್ಕೆ ವಾಪಸ್ ಬಿಟ್ಟರು. ನಮ್ಮ ಊರು ಉಳಿದಿತ್ತು.

ಇನ್ನೊಂದು ಬರೆಯಲೇಬೇಕು. 2017ರ ಜನವರಿಯಲ್ಲಿ ನನ್ನ ತಂದೆ ಇಲ್ಲಿ ಮೈಸೂರಿನಲ್ಲಿ ಹೋದರು. ಫೋನು ಬಂದ ಗಂಟೆಗೆ ಟಿಕೆಟ್ ಮಾಡಿದೆ. ಹೆಪ್ಪುಗಟ್ಟಿದ ಮಂಜಿನಿಂದ ಅವತ್ತು ವಿಮಾನ ಏಳಲಿಲ್ಲ. ಮಾರನೇ ದಿನ ಹೊರಟು, ಮೂರು ಕಡೆ ವಿಮಾನ ಬದಲಾಯಿಸಿ, ಮೈಸೂರಿಗೆ ಬಂದದ್ದು ಹಾಲು ತುಪ್ಪದ ದಿನ ಬೆಳಗ್ಗೆ. ಅಪ್ಪನ ಮುಖ ನೋಡಲಿಲ್ಲ. ಇದು ನಿಮಗೆ ನೋವಾಗಲಿ ಎಂದು ಬರೆದದ್ದಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿ ಅಂದಿರಿ. ಮಗಳ ಜೊತೆ ಕೂತು ಈ ಮಾತನ್ನೂ ಆಡಿ, ಹೊರಡುವ ಮೊದಲೇ.

ನಿವೃತ್ತ ಹವಾಲ್ದಾರ್, ಪಿರಿಯಾಪಟ್ಟಣ

ಅಮ್ಮಾ, ನಿಮ್ಮ ಮಾತು ಓದಿ ಲೇಹ್ ನೆನಪಾಯಿತು. ನಾನಿದ್ದ ಕಾಲದಲ್ಲಿ ಹಿಮ ಬಿದ್ದು ಘಾಟಿ ಮುಚ್ಚಿದರೆ ಐದಾರು ತಿಂಗಳು ರಸ್ತೆ ಇಲ್ಲ. ಕಾಗದ ವಿಮಾನದಲ್ಲಿ ಬರಬೇಕು. ನನ್ನ ಮಗಳು ಹುಟ್ಟಿದ ಸುದ್ದಿ ಹದಿನೆಂಟು ದಿನ ಆದಮೇಲೆ ಸಿಕ್ಕಿತು. ಮೇಷ್ಟ್ರೇ, ಈಗ ಫೋನಿದೆ. ದಿನಾ ಒಂದೇ ಹೊತ್ತಿಗೆ ಮಾತಾಡುವ ಅಭ್ಯಾಸ ಇಟ್ಟುಕೊಳ್ಳಿ. ಐದು ನಿಮಿಷ ಆದರೂ ಸರಿ. ಮನಸ್ಸು ಆ ಹೊತ್ತಿಗೆ ಕಾಯುತ್ತದೆ.

ಮಂಡ್ಯದ ಮೇಷ್ಟ್ರು

ನಾನು ಅವಳ ಅಮ್ಮ. ಯಜಮಾನರ ಫೋನಿನಿಂದಲೇ ಬರೆಯುತ್ತಿದ್ದೇನೆ. ಎಲ್ಲ ಓದಿದೆ. ಎರಡೇ ಕೇಳಬೇಕು. ಊಟಕ್ಕೆ ಏನು ಮಾಡಿಕೊಳ್ಳುತ್ತಾಳೆ? ರಾತ್ರಿ ಹೊತ್ತು ಏನಾದರೂ ಆದರೆ ಯಾರನ್ನು ಕರೆಯುತ್ತಾಳೆ?

ಕುವೆಂಪುನಗರದಿಂದ

ಅಕ್ಕ, ಊಟದ ಚಿಂತೆ ಬಿಡಿ. ಅಕ್ಕಿ, ಬೇಳೆ, ಮೊಸರು, ಆಲೂಗಡ್ಡೆ, ಕೋಸು ಎಲ್ಲ ಅಂಗಡಿಯಲ್ಲಿ ಸಿಗುತ್ತದೆ, ಬೆಲೆ ಜಾಸ್ತಿ. ರಾಗಿ ಹಿಟ್ಟು ನಾವು ಎಡ್ಮಂಟನ್‌ಗೆ ಹೋದಾಗ ಮೂಟೆಗಟ್ಟಲೆ ತರುತ್ತಿದ್ದೆವು. ಸಾರಿನ ಪುಡಿ, ಹುಣಸೆಹಣ್ಣು, ಇಂಗು ನೀವು ಕೊಟ್ಟು ಕಳಿಸಿ. ದೋಸೆ ಹಿಟ್ಟು ಹುಳಿ ಬರಬೇಕಾದರೆ ಓವನ್ ಒಳಗಿಟ್ಟು ಬರೀ ಅದರ ದೀಪ ಹಾಕಿಟ್ಟರೆ ಬೆಳಗ್ಗೆ ಹೊತ್ತಿಗೆ ಉಬ್ಬಿರುತ್ತದೆ. ಮೀನು ತಿನ್ನುತ್ತಾಳಾದರೆ ಅಲ್ಲಿನ ಗ್ರೇಟ್ ಸ್ಲೇವ್ ಕೆರೆಯ ಬಿಳಿ ಮೀನಿನಷ್ಟು ರುಚಿ ಬೇರೆಲ್ಲೂ ಸಿಗಲ್ಲ. ಆ ಕೆರೆ 614 ಮೀಟರ್ ಆಳ, ಆ ಖಂಡದಲ್ಲೇ ಆಳವಾದದ್ದು. ಸೆಪ್ಟೆಂಬರ್‌ನಲ್ಲಿ ಬಂಡೆಗಳ ಮೇಲೆ ಕೆಂಪು ಕ್ರ್ಯಾನ್‌ಬೆರಿ ಬಿಡುತ್ತದೆ. ಬೆಲ್ಲ, ಒಣಮೆಣಸಿನಕಾಯಿ ಹಾಕಿ ನಾನು ಗೊಜ್ಜು ಮಾಡುತ್ತಿದ್ದೆ.

ಇನ್ನು ಎರಡನೇ ಪ್ರಶ್ನೆ. ನಮ್ಮ ಯಜಮಾನರಿಗೆ ಎರಡು ವಾರ ಗಣಿಯಲ್ಲಿ, ಎರಡು ವಾರ ಮನೆಯಲ್ಲಿ ಕೆಲಸ. ಗಣಿಗೆ ವಿಮಾನದಲ್ಲೇ ಹೋಗಬೇಕು. ಒಂದು ಸಲ ಅವರು ಅಲ್ಲಿದ್ದಾಗ, ಮಗನಿಗೆ ಎಂಟು ತಿಂಗಳು, ರಾತ್ರಿ ಎರಡು ಗಂಟೆಗೆ ಎಚ್ಚರವಾಯಿತು. ಮನೆ ನಿಶ್ಶಬ್ದ. ಹೀಟರ್ ಸದ್ದು ನಿಂತಿತ್ತು. ಹೊರಗೆ ಮೈನಸ್ 38. ಎಣ್ಣೆ ಬರುವ ಸಣ್ಣ ಪೈಪಿನಲ್ಲಿ ನೀರಿನಂಶ ಹೆಪ್ಪುಗಟ್ಟಿತ್ತು. ಮಗುವನ್ನು ಎದೆಗೆ ಕಟ್ಟಿಕೊಂಡು ಪಕ್ಕದ ಮನೆ ಅಜ್ಜಿಗೆ ಫೋನ್ ಮಾಡಿದೆ. ಅವರು ಡೆನೆ ಜನ, ಎಪ್ಪತ್ತು ದಾಟಿತ್ತು. ಐದು ನಿಮಿಷದಲ್ಲಿ ಕೈಯಲ್ಲೊಂದು ಕರೆಂಟ್ ಹೀಟರ್ ಹಿಡಿದು ಬಂದರು. ಮೊದಲು ಅಡುಗೆಮನೆಗೆ ಹೋಗಿ ನಲ್ಲಿಯನ್ನು ಸಣ್ಣಗೆ, ದಾರದಷ್ಟು ಬಿಟ್ಟರು. ನೀರು ಓಡುತ್ತಿದ್ದರೆ ಪೈಪು ಹೆಪ್ಪುಗಟ್ಟುವುದಿಲ್ಲ ಎಂದು ಅವತ್ತು ಕಲಿತೆ. ಆಮೇಲೆ ನಮ್ಮಿಬ್ಬರನ್ನೂ ಅವರ ಮನೆಗೆ ಕರೆದುಕೊಂಡು ಹೋದರು. ಅವರ ಮೊಮ್ಮಗ ಬಂದು ಬೆಳಗಾಗುವ ಹೊತ್ತಿಗೆ ಹೀಟರ್ ಸರಿ ಮಾಡಿದ. ದುಡ್ಡು ಕೊಡಲು ಹೋದರೆ ಮುಟ್ಟಲಿಲ್ಲ. ಮೈನಸ್ 40ರಲ್ಲಿ ರಸ್ತೆ ಬದಿ ಗಾಡಿ ನಿಂತಿದ್ದರೆ ಅಲ್ಲಿ ಯಾರೂ ದಾಟಿಕೊಂಡು ಹೋಗುವುದಿಲ್ಲ, ನಿಲ್ಲಿಸಿ ಕೇಳುತ್ತಾರೆ. ನಿಮ್ಮ ಮಗಳು ಹೋದ ಮೊದಲ ವಾರವೇ ಅಕ್ಕಪಕ್ಕದ ಎರಡು ಮನೆಯವರ ನಂಬರ್ ತೆಗೆದುಕೊಳ್ಳಲಿ. ನಾಚಿಕೆ ಬೇಡ.

ಆ ಅಜ್ಜಿ ನನಗೆ ಇನ್ನೊಂದು ಹೇಳಿದ್ದರು. ಚಿಕ್ಕವರಿದ್ದಾಗ ಅವರನ್ನು ಮನೆಯಿಂದ ಎತ್ತಿಕೊಂಡು ಹೋಗಿ ದೂರದ ವಸತಿ ಶಾಲೆಗೆ ಹಾಕಿದ್ದರು. ತಮ್ಮ ಭಾಷೆ ಆಡಿದರೆ ಹೊಡೆಯುತ್ತಿದ್ದರು. ಕೆನಡಾದಲ್ಲಿ ಅಂಥ ಶಾಲೆಗಳು 1990ರ ದಶಕದವರೆಗೂ ಇದ್ದವು, 2008ರಲ್ಲಿ ಸರ್ಕಾರ ಕ್ಷಮೆ ಕೇಳಿತು. ಅದಕ್ಕೇ ಹಿರಿಯರು ಎಷ್ಟೋ ಜನ ಆಸ್ಪತ್ರೆಯಂಥ ದೊಡ್ಡ ಕಟ್ಟಡಕ್ಕೆ ಬಂದರೆ ಮಾತೇ ಆಡುವುದಿಲ್ಲ. ಅದನ್ನು ಸಿಟ್ಟು ಅಂದುಕೊಳ್ಳಬಾರದು. ಈಗ ಆ ಪ್ರಾಂತ್ಯದಲ್ಲಿ 11 ಅಧಿಕೃತ ಭಾಷೆಗಳಿವೆ. ದೂರದ ಹಳ್ಳಿಗಳಿಂದ ವಿಮಾನದಲ್ಲಿ ಬರುವ ಅಂಥ ಅಜ್ಜ ಅಜ್ಜಿಯರನ್ನು ನಿಮ್ಮ ಮಗಳು ನೋಡಿಕೊಳ್ಳಬೇಕು. ಅವರ ಭಾಷೆಯಲ್ಲಿ ಒಂದು ಮಾತು ಕಲಿತು ಹೋಗಲಿ, ಮಹ್ಸಿ. ಧನ್ಯವಾದ ಎಂದು ಅರ್ಥ.

ಫೋನಿನ ಸಮಯ ನೆನಪಿಡುವುದು ಸುಲಭ. ಚಳಿಗಾಲದಲ್ಲಿ ನಮಗೂ ಅವರಿಗೂ ಹನ್ನೆರಡೂವರೆ ಗಂಟೆ ವ್ಯತ್ಯಾಸ. ನಿಮಗೆ ರಾತ್ರಿ ಎಂಟೂವರೆ ಆದರೆ ಅವಳಿಗೆ ಬೆಳಗ್ಗೆ ಎಂಟು.

ಸರಸ್ವತಿಪುರಂ

ಮೇಡಂ, ನಾನು ಮೊದಲು ಬೇಡ ಅನ್ನಿ ಎಂದು ಬರೆದಿದ್ದೆ. ಆ ಅಜ್ಜಿ ವಿಷಯ ಓದಿದ ಮೇಲೆ ಆ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಅಷ್ಟು ದೂರ ಅನ್ನುವ ಭಯ ಮಾತ್ರ ಈಗಲೂ ಇದೆ.

ಮಂಡ್ಯದ ಮೇಷ್ಟ್ರು

ಮೇಷ್ಟ್ರೇ ಬರೆಯುತ್ತಿದ್ದೇನೆ. ಮಗಳು ಪಕ್ಕದಲ್ಲೇ ಕೂತು ಓದಿದಳು. ನಿಮ್ಮ ತಂದೆಯವರ ವಿಷಯ ಬಂದಾಗ ನನ್ನ ಮುಖ ನೋಡಿದಳು. ರಾತ್ರಿ ಮೂವರೂ ಆ ಮಾತು ಆಡಿದೆವು. ಕಷ್ಟವಾಯಿತು, ಆದರೆ ಆಡಿದೆವು. ಹೋಗುತ್ತಾಳೆ. ಇವಳು ಇವತ್ತು ಸಾರಿನ ಪುಡಿಗೆ ಮೆಣಸಿನಕಾಯಿ ಒಣಗಿಸಲು ಹಾಕಿದ್ದಾಳೆ.

ಕುವೆಂಪುನಗರದಿಂದ

ನನ್ನ ಹಳೇ ಪಾರ್ಕಾ (ತಲೆಗೂ ಮುಸುಕು ಇರುವ ದಪ್ಪ ಕೋಟು), ಬೂಟು, ಉಣ್ಣೆ ಗ್ಲೌಸು ಎಲ್ಲ ಅಟ್ಟದ ಮೇಲೆ ಪೆಟ್ಟಿಗೆಯಲ್ಲಿವೆ. ಮೈಸೂರಿನಲ್ಲಿ ಅವುಗಳಿಗೆ ಏನು ಕೆಲಸ? ಭಾನುವಾರ ಮಗಳನ್ನು ಕರೆದುಕೊಂಡು ಬನ್ನಿ. ಅಕ್ಕನೂ ಬರಲಿ. ಹಾಕಿ ನೋಡಲಿ, ತೋಳು ಸರಿಹೋದರೆ ತೆಗೆದುಕೊಂಡು ಹೋಗಲಿ. ಪಾರ್ಕಾ ಜೇಬಿನಲ್ಲಿ ಆ ಅಜ್ಜಿ ಹೊಲಿದುಕೊಟ್ಟ ಮಣಿ ಕೆಲಸದ ಒಂದು ಸಣ್ಣ ಚೀಲ ಇದೆ. ಅದನ್ನು ಮಾತ್ರ ನಾನು ಇಟ್ಟುಕೊಳ್ಳುತ್ತೇನೆ.

ಮಂಡ್ಯದ ಮೇಷ್ಟ್ರು

ಬರುತ್ತೇವೆ ಮೇಡಂ. ಬೆಳಗ್ಗೆ ರೈಲಿಗೆ ಹೊರಟು ಹತ್ತರ ಒಳಗೆ ಅಲ್ಲಿರುತ್ತೇವೆ. ಮನೆ ವಿಳಾಸ ನನಗೆ ಬೇರೆಯಾಗಿ ಕಳಿಸಿ. ಆಲೆಮನೆಯಿಂದ ಹೊಸ ಬೆಲ್ಲ ಬಂದಿದೆ, ತರುತ್ತೇವೆ.